ಕಾಲಪಯಣದ ಕಾದಂಬರಿಯಲ್ಲಿ ಹೇಳದೆ ಉಳಿದ ಪ್ರೀತಿಗೆ ವಿಜ್ಞಾನ ಹೇಗೆ ನೆರವಾದೀತು?

ಪ್ರಶ್ನೆ

ಎರಡು ವರ್ಷಗಳಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಮಾಧವ ಮತ್ತು ಸುಮಿತ್ರಾ ಕೋಲಾರ ಚಿನ್ನದ ಗಣಿಯ ಪ್ರದೇಶದಲ್ಲಿ ಒಟ್ಟಿಗೆ ಬೆಳೆದ ಸ್ನೇಹಿತರು. ತಮ್ಮ ನಡುವೆ ಇರುವುದು ಸ್ನೇಹವಷ್ಟೇ ಅಲ್ಲವೆಂದು ಇಬ್ಬರಿಗೂ ಗೊತ್ತು, ಆದರೆ ಒಬ್ಬರೂ ಬಾಯಿ ಬಿಟ್ಟಿಲ್ಲ. ಬೆಳಕಿನ ವೇಗಕ್ಕೆ ಸಮೀಪದ ನೌಕೆಯಲ್ಲಿ ಮಾಧವ ಹೊರಟುಹೋಗುತ್ತಾನೆ. ಕೊನೆಯಲ್ಲಿ ಅವನನ್ನು ಭೂತಕಾಲಕ್ಕೆ ಕಳುಹಿಸಿ ಆ ಮಾತನ್ನು ಆಡಿಸಬೇಕೆಂದಿದ್ದೇನೆ. ಹಸ್ತಪ್ರತಿ ಓದಿದ ಗೆಳೆಯರು, ವಿಜ್ಞಾನದ ಅಧ್ಯಾಯಗಳೂ ಪ್ರೀತಿಯ ಅಧ್ಯಾಯಗಳೂ ಎರಡು ಬೇರೆ ಪುಸ್ತಕಗಳಂತಿವೆ ಎಂದರು. ಇವನ್ನು ಬೆಸೆಯುವುದು ಹೇಗೆ?

ಮೊದಲ ಉತ್ತರ

ಭೂತಕಾಲದ ಪಯಣವನ್ನು ಕೈಬಿಡಿ ಎಂಬುದು ನನ್ನ ಸಲಹೆ. ತನ್ನದೇ ಗತಕಾಲಕ್ಕೆ ಮರಳುವ ಹಾದಿ ಐನ್‌ಸ್ಟೈನರ ಸಮೀಕರಣಗಳಲ್ಲಿ ಸಾಧ್ಯವೆಂದು ಗಣಿತಜ್ಞ ಕುರ್ಟ್ ಗೋಡೆಲ್ 1949ರಲ್ಲಿ ತೋರಿಸಿದ್ದು ನಿಜ, ಆದರೆ ಅದಕ್ಕೆ ವಿಶ್ವವೇ ಇಡಿಯಾಗಿ ತಿರುಗುತ್ತಿರಬೇಕು. ನಮ್ಮ ವಿಶ್ವ ಹಾಗಿರುವ ಲಕ್ಷಣವಿಲ್ಲ. ಭೌತನಿಯಮಗಳು ಅಂಥ ಪಯಣವನ್ನು ತಡೆಯುತ್ತವೆಂದು 1992ರಲ್ಲಿ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಊಹಿಸಿದರು, ಅದು ಇನ್ನೂ ಊಹೆಯೇ. ನನ್ನ ದೊಡ್ಡ ಆಕ್ಷೇಪ ಮಾತ್ರ ಭೌತವಿಜ್ಞಾನದ್ದಲ್ಲ. ಹಿಂದಿರುಗಿ ಹೇಳಬಹುದಾದರೆ, ಹೇಳದೆ ಉಳಿದದ್ದಕ್ಕೆ ಬೆಲೆ ಏನು?

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಭವಿಷ್ಯದ ಕಡೆಗಿನ ಪಯಣದಲ್ಲೇ ನಿಮಗೆ ಬೇಕಾದದ್ದು ಇದೆ, ಲೆಕ್ಕ ಹಾಕಿ ನೋಡಿ. ಮಾಧವ ಬೆಳಕಿನ ವೇಗದ ಶೇಕಡಾ 96ರಷ್ಟು ವೇಗದಲ್ಲಿ 12 ಜ್ಯೋತಿರ್ವರ್ಷ ದೂರ ಹೋಗಿ ಮರಳಲಿ. ಟೌ ಸೆಟಿ ನಕ್ಷತ್ರ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿದೆ. ಅಷ್ಟು ವೇಗದಲ್ಲಿ ಸಾಗುವವನಿಗೆ ಕಾಲ ನಿಧಾನವಾಗಿ ಸರಿಯುತ್ತದೆ (ಕಾಲ ಹಿಗ್ಗುವುದು ಎಂದರೆ ಇದೇ), ಹಾಗಾಗಿ ಸುಮಿತ್ರಾಳಿಗೆ 25 ವರ್ಷ ಕಳೆದಿರುತ್ತದೆ, ಅವನಿಗೆ ಕೇವಲ 7. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಇನ್ನು ಅವಳು ತಿಂಗಳಿಗೊಂದು ಪತ್ರವನ್ನು ರೇಡಿಯೋ ಸಂಕೇತವಾಗಿ ಕಳುಹಿಸುತ್ತಾಳೆ ಎನ್ನಿ. ನೌಕೆ ದೂರ ಸರಿಯುತ್ತಿರುವುದರಿಂದ ಪ್ರತಿ ಸಂಕೇತವೂ ಹಿಂದಿನದಕ್ಕಿಂತ ಹೆಚ್ಚು ದೂರ ಸಾಗಬೇಕು, ಈ ಡಾಪ್ಲರ್ ಪರಿಣಾಮದ ಫಲವಾಗಿ ಅವನಿಗೆ ಏಳು ತಿಂಗಳಿಗೊಂದು ಪತ್ರ ಸಿಗುತ್ತದೆ. ಮೂರೂವರೆ ವರ್ಷಕ್ಕೆ ಆರೇ ಪತ್ರಗಳು. ನೌಕೆ ತಿರುಗಿದ ಮೇಲೆ ತಿಂಗಳಿಗೆ ಏಳರಂತೆ ಉಳಿದ 294 ಪತ್ರಗಳು ಬಂದು ಬೀಳುತ್ತವೆ.

ಸುಮಿತ್ರಾ ಆ ಮಾತನ್ನು ಏಳನೆಯ ಪತ್ರದಲ್ಲಿ ಬರೆದಿದ್ದರೆ? ಅವನಿಗೆ ಅದು ಸಿಗುವುದು ನೌಕೆ ತಿರುಗಿದ ನಾಲ್ಕೈದು ದಿನಗಳಿಗೆ. ಕೂಡಲೇ ಉತ್ತರಿಸಿದರೂ ಅದು ಅವಳನ್ನು ತಲುಪುವ ಹೊತ್ತಿಗೆ ಅವಳ ಕಡೆ ಸುಮಾರು 24 ವರ್ಷ ಸರಿದಿರುತ್ತದೆ, ಅದಾಗಿ ಅರ್ಧ ವರ್ಷದೊಳಗೆ ಅವನೇ ಬಾಗಿಲಲ್ಲಿ ನಿಂತಿರುತ್ತಾನೆ. ಅವನಿಗೆ ಮೌನವೆಂದು ತೋರಿದ್ದು ಅವಳ ಮೌನವಾಗಿರಲಿಲ್ಲ. (ನೌಕೆ ಥಟ್ಟನೆ ತಿರುಗುತ್ತದೆಂದು ಭಾವಿಸಿದ್ದೇನೆ. ಮನುಷ್ಯದೇಹ ತಾಳುವಂತೆ ವೇಗ ತಗ್ಗಿಸಲು ವರ್ಷಕ್ಕೂ ಹೆಚ್ಚು ಬೇಕು, ಆಗ ಅಂಕಿಗಳು ಬದಲಾಗುತ್ತವೆ, ಕಥೆಯ ಆಕಾರ ಬದಲಾಗುವುದಿಲ್ಲ.)

ಮೂರನೆಯ ಉತ್ತರ

ಈ ಲೆಕ್ಕವನ್ನು ಪಾಠದಂತೆ ಒಪ್ಪಿಸಬೇಡಿ. ಪತ್ರಗಳ ನಡುವಿನ ಅಂತರವೇ ಓದುಗನಿಗೆ ಅದನ್ನು ತಿಳಿಸಲಿ. ಇನ್ನೊಂದು ಮಾತು: ಕೋಲಾರವನ್ನು ಬರಿಯ ಹುಟ್ಟೂರಾಗಿ ಬಿಟ್ಟಿದ್ದೀರಿ. ವಾತಾವರಣದಲ್ಲಿ ಹುಟ್ಟಿ ಬಹುಮಟ್ಟಿಗೆ ಎಲ್ಲವನ್ನೂ ತಡೆಯಿಲ್ಲದೆ ತೂರಿಹೋಗುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಸುಳಿವು 1965ರಲ್ಲಿ ಸಿಕ್ಕಿದ್ದು ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ವಾತಾವರಣದಲ್ಲೇ ಹುಟ್ಟುವ ಮ್ಯುವಾನ್ ಎಂಬ ಅಲ್ಪಾಯುಷಿ ಕಣಗಳನ್ನೂ ಅಲ್ಲಿ ಅಳೆದಿದ್ದಾರೆ. ಮ್ಯುವಾನಿನ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್, ಕಾಲ ಹಿಗ್ಗದಿದ್ದರೆ ಅದು ಸರಾಸರಿ 660 ಮೀಟರ್ ಸಾಗುವಷ್ಟರಲ್ಲಿ ಮುಗಿಯಬೇಕು, ಆದರೂ ಹತ್ತು ಹದಿನೈದು ಕಿಲೋಮೀಟರ್ ಎತ್ತರದಿಂದ ನೆಲ ಮುಟ್ಟುತ್ತದೆ. ಸುಮಿತ್ರಾಳ ಅಜ್ಜ ಆ ಕಾಲದ ಗಣಿಕಾರ್ಮಿಕನಾಗಿದ್ದರೆ, ಮಾಧವ ಹೊರಡುವ ಮುನ್ನವೇ ಅವಳಿಗೆ ಕಾಲದ ಈ ಗುಟ್ಟು ಮನೆಮಾತಾಗಿ ಗೊತ್ತಿರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಭೂತಕಾಲದ ಅಧ್ಯಾಯವನ್ನು ತೆಗೆದಿದ್ದೇನೆ. ಏಳನೆಯ ಪತ್ರದಲ್ಲಿ ಏನಿರಬೇಕೆಂಬುದು ಸ್ಪಷ್ಟವಾಯಿತು, ಎಂಟನೆಯದರಲ್ಲಿ ಅವಳು ಏನು ಬರೆದಾಳೆಂಬುದೇ ಈಗ ಕಾಡುತ್ತಿದೆ.