ಓದುಗರ ಸ್ಪಂದನ: ರೈಲಿಳಿದ ಮೇಲೂ ಗೆಳೆಯರೇನಾ?

ತುಮಕೂರಿನ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಬೇಸರ ತೋಡಿಕೊಂಡಿದ್ದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದರು. ಒಂದೇ ಬೋಗಿ, ಒಂದೇ ಗುಂಪು. ಇಸ್ಪೀಟು, ಹರಟೆ, ಆಯುಧಪೂಜೆಗೆ ಬೋಗಿಗೆ ಬಾಳೆಕಂಬ, ಯಾರದೋ ಮೊಮ್ಮಗುವಿನ ನಾಮಕರಣದ ಸಿಹಿ. ನಿವೃತ್ತಿಯ ದಿನ ಹಾರ ಹಾಕಿ ಕಳಿಸಿಕೊಟ್ಟರು. ಆಮೇಲೆ ಒಬ್ಬರೂ ಫೋನ್ ಮಾಡಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಇವರು ಈಗಲೂ ಇದ್ದಾರೆ. ಆದರೆ ಅಲ್ಲಿ ಬರುವುದು ಗಾಡಿ ಎಷ್ಟು ಲೇಟು, ಯಾರು ಸೀಟು ಹಿಡಿದಿದ್ದಾರೆ ಅನ್ನೋದಷ್ಟೇ. ಗುಂಪಿನವರೊಬ್ಬರ ಮಗಳ ಮದುವೆಯಾದದ್ದು ಇವರಿಗೆ ಗೊತ್ತಾಗಿದ್ದು ಫೋಟೊ ನೋಡಿ. ಬೆಳಗಿನ ಜಾವ ಈಗಲೂ ನಾಲ್ಕೂವರೆಗೇ ಎಚ್ಚರವಾಗುತ್ತದೆ. "ಅವರು ನಿಜಕ್ಕೂ ಗೆಳೆಯರಾಗಿದ್ದರಾ, ಸುಮ್ನೆ ಜೊತೆಗೆ ಕೂತವರಾ? ಗ್ರೂಪಿನಿಂದ ಹೊರಗೆ ಬಂದುಬಿಡಲಾ?" ಎಂದು ಕೇಳಿದ್ದರು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಹೆಸರು ಬೇಡ ಎಂದವರೇ ಜಾಸ್ತಿ. ಹಾಗಾಗಿ ಎಲ್ಲರದೂ ಊರು ಮಾತ್ರ ಹಾಕಿದ್ದೇವೆ. ಎಲ್ಲಕ್ಕಿಂತ ಚಿಕ್ಕ ಪತ್ರ ಮೊದಲು.

*

ನಿಮ್ಮ ಪತ್ರ ಎರಡು ಸಲ ಓದಿದೆ. ಅವರು ಫೋನ್ ಮಾಡಲಿಲ್ಲ ಅಂತ ಇದೆ. ನೀವು ಮಾಡಿದಿರಿ ಅಂತ ಎಲ್ಲೂ ಇಲ್ಲ.

— ಕುಣಿಗಲ್

*

ಸ್ವಲ್ಪ ಖಾರವಾಯಿತೇನೋ. ಇದೇ ಮಾತನ್ನು ಮೆತ್ತಗೆ ಬರೆದವರೂ ಬಹಳ ಇದ್ದಾರೆ. ಮುಂದಿನವರು ಕೇಳಿದ್ದು ಮಾತ್ರ ಬೇರೆ.

*

ಯಜಮಾನ್ರೇ, ನಿಮ್ಮ ಪತ್ರದಲ್ಲಿ ರೈಲಿದೆ, ಬೋಗಿ ಇದೆ, ಇಸ್ಪೀಟೂ ಇದೆ. ನಿಮ್ಮ ಮನೆಯವರೆಲ್ಲಿ?

ನಮ್ಮನೆಯವರೂ ನಿವೃತ್ತರಾದ ಹೊಸದರಲ್ಲಿ ಹೀಗೇ ಇದ್ದರು. ಪೇಪರನ್ನು ಮೂರು ಸಲ ಓದೋದು, ಆಮೇಲೆ ಅಡುಗೆಮನೆಗೆ ಬಂದು ಒಗ್ಗರಣೆಗೆ ಎಣ್ಣೆ ಜಾಸ್ತಿ ಆಯ್ತು ಅನ್ನೋದು. ನಮ್ಮ ಬೀದಿಯಲ್ಲಿ ಯಾವುದು ಯಾರ ಮನೆ ಅಂತಲೂ ಅವರಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಹೋಗಿ ರಾತ್ರಿ ಬರೋರಿಗೆ ಹೇಗೆ ಗೊತ್ತಾಗಬೇಕು? ನನಗೆ ಗೊತ್ತಿತ್ತು. ಅರಿಶಿನ ಕುಂಕುಮಕ್ಕೆ ಹೋಗಿ, ಒಂದು ಲೋಟ ಹಾಲು ಸಾಲ ತಂದು, ಅವರ ಮಕ್ಕಳನ್ನು ಜ್ವರದಲ್ಲಿ ನೋಡಿಕೊಂಡು ನಾನು ಇಡೀ ಬೀದಿ ಸಂಪಾದಿಸಿದ್ದೆ. ಒಂದು ದಿನ ಇವರ ಕೈಗೆ ಕೋಡುಬಳೆ ಡಬ್ಬಿ ಕೊಟ್ಟು, ಎದುರುಮನೆಯವರಿಗೆ ಕೊಟ್ಟು ಬನ್ನಿ ಅಂತ ಕಳಿಸಿದೆ. ಹೋದವರು ಊಟದ ಹೊತ್ತಿಗೆ ಬಂದರು.

ಈಗ ಇಬ್ಬರೂ ಸೇರಿ ಎಪಿಎಂಸಿಗೆ ಹೋಗಿ ಕೊಬ್ಬರಿ ಹರಾಜು ನೋಡಿಕೊಂಡು ಬರ್ತಾರೆ. ಇಬ್ಬರಲ್ಲಿ ಯಾರಿಗೂ ಮಾರೋಕೆ ಒಂದು ಬಟ್ಟಲು ಕೊಬ್ಬರಿಯೂ ಇಲ್ಲ.

— ತಿಪಟೂರು

*

ಮುಂದಿನ ಪತ್ರ ಎಲ್ಲಕ್ಕಿಂತ ಉದ್ದದ್ದು. ಕತ್ತರಿ ಹಾಕಲು ಕೂತು, ಹಾಕದೆ ಎದ್ದೆವು.

*

ಅಣ್ಣಾ, ನಿಮ್ಮ ಪತ್ರ ಓದಿ ನನಗೆ ಕೋಪ ಬಂತು. ನಿಮ್ಮ ಮೇಲಲ್ಲ. ಮರೆತೆ ಅಂದುಕೊಂಡಿದ್ದೆಲ್ಲ ಮತ್ತೆ ಮೇಲೆ ಬಂತು.

ನಾನು ಕೆ.ಜಿ.ಎಫ್.ನವಳು. ನಮ್ಮಪ್ಪ ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ಇಳಿದು ಕೆಲಸ ಮಾಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ನಮ್ಮ ಲೈನಿನ, ಅಂದ್ರೆ ಗಣಿ ಕೆಲಸಗಾರರ ಸಾಲುಮನೆಗಳ, ಎಷ್ಟೋ ಕುಟುಂಬಗಳಿಗೆ ರೈಲೇ ಗತಿಯಾಯಿತು. ಮಾರಿಕುಪ್ಪಂನಿಂದ ಹೊರಡೋ ಗಾಡಿ ಹತ್ತಿ ಬೆಂಗಳೂರಿಗೆ ಹೋಗೋದು, ಕತ್ತಲಾದ ಮೇಲೆ ಮನೆ ಸೇರೋದು. ನಾನೂ ಹಾಗೇ ಹೋದೆ. ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ಹೌಸ್‌ಕೀಪಿಂಗ್ ಕೆಲಸ.

ಹೆಂಗಸರ ಬೋಗಿಯಲ್ಲಿ ನಮ್ಮದೊಂದು ಗುಂಪಾಯಿತು. ಬಂಗಾರಪೇಟೆಯಲ್ಲಿ ಕೆಲವರು ಹತ್ತೋರು, ತ್ಯಾಕಲ್‌ನಲ್ಲಿ ಒಬ್ಬಳು, ಉಳಿದವರು ಮಾಲೂರಿನಲ್ಲಿ. ನಮ್ಮ ಮನೆಮಾತು ತಮಿಳು. ಇವತ್ತು ಕನ್ನಡದಲ್ಲಿ ಇಷ್ಟುದ್ದ ಬರೀತಿದ್ದೀನಿ ಅಂದ್ರೆ ಅದಕ್ಕೆ ಆ ಬೋಗಿಯೇ ಕಾರಣ. ಸೊಪ್ಪು ಬಿಡಿಸುತ್ತಾ, ಹೂ ಕಟ್ಟುತ್ತಾ, ಒಬ್ಬರ ಅತ್ತೆಯನ್ನು ಇನ್ನೊಬ್ಬರು ಬೈಯುತ್ತಾ ಹೋಗ್ತಿದ್ವಿ. ಮಾಲೂರಿನ ಅಕ್ಕ ಒಬ್ಬರು ಬಸ್ಸಾರು ಮಾಡಿದ ದಿನ ನನಗೆ ಅಂತಲೇ ಒಂದು ಡಬ್ಬಿ ಜಾಸ್ತಿ ತರ್ತಿದ್ರು.

ಆಮೇಲೆ ನನಗೆ ಗರ್ಭಕೋಶದ ಆಪರೇಷನ್ ಆಯಿತು. ಕೆಲಸಕ್ಕೆ ಹೋಗೋ ಹಾಗಿರಲಿಲ್ಲ. ವಿಷಯ ಗೊತ್ತಾದ ದಿನವೇ ಗುಂಪಿನವರೆಲ್ಲ ಸೇರಿ ಫೋನ್‌ಪೇಯಲ್ಲಿ ದುಡ್ಡು ಹಾಕಿದರು. ಸಣ್ಣ ಮೊತ್ತವಲ್ಲ. ಅವರ ಸಂಬಳ ಎಷ್ಟು ಅಂತ ನನಗೆ ಗೊತ್ತು. ಅದರಲ್ಲೇ ಔಷಧಿ ತಂದ್ವಿ, ಮಗನ ಫೀಸೂ ಕಟ್ಟಿದ್ವಿ. ಆದರೆ ಒಬ್ಬರೂ ಮನೆಗೆ ಬರಲಿಲ್ಲ. ಬಂಗಾರಪೇಟೆಯಿಂದ ನಮ್ಮೂರು ಏನು ಮಹಾ ದೂರ ಹೇಳಿ? ಭಾನುವಾರ ಬಂತು ಅಂದ್ರೆ ಬಾಗಿಲ ಕಡೆ ಮುಖ ಮಾಡಿ ಮಲಗಿರ್ತಿದ್ದೆ. ದುಡ್ಡು ಬಂತು, ಜನ ಬರಲಿಲ್ಲ.

ನನ್ನ ಕಷ್ಟ ಏನಂದ್ರೆ, ಬೈಯೋಕೂ ಆಗಲ್ಲ. ಉಪಕಾರ ಮಾಡಿದವರನ್ನು ಯಾವ ಬಾಯಲ್ಲಿ ಬೈಯೋದು? ನಮ್ಮನೆಯವರು ಹೇಳ್ತಾರೆ, "ಅವರಿಗೂ ಇರೋದು ಒಂದೇ ಭಾನುವಾರ. ಬಟ್ಟೆ ಒಗೀಬೇಕು, ರಾಗಿ ಬೀಸಿಸಬೇಕು, ಮಕ್ಕಳ ತಲೆಗೆ ನೀರು ಹಾಕಬೇಕು." ಸರಿಯೇ. ತಲೆಗೆ ಹೊಳೆಯುತ್ತೆ, ಹೊಟ್ಟೆಗೆ ಇಳಿಯಲ್ಲ.

ನಮ್ಮಪ್ಪನ ಗೆಳೆಯರನ್ನು ನೋಡಿ ಬೆಳೆದವಳು ನಾನು, ಅದೂ ಒಂದು ಕಾರಣ. ಅವರೆಲ್ಲ ಒಂದೇ ಶಿಫ್ಟಿಗೆ ಇಳಿಯೋರು. ಮನೆಗಳೂ ಒಂದೇ ಲೈನಿನಲ್ಲಿ. ಗಣಿ ಮುಚ್ಚಿದ ಮೇಲೂ ಸಾಯಂಕಾಲ ಅದೇ ಕಟ್ಟೆ ಮೇಲೆ ಕೂರೋರು, ಸಂಬಳ ಇದ್ದಾಗ ಆಡಿದ ಜಗಳವನ್ನೇ ಸಂಬಳ ಇಲ್ಲದಾಗಲೂ ಆಡೋರು. ಅಪ್ಪ ತೀರಿಕೊಂಡಾಗ ಹೆಗಲು ಕೊಟ್ಟವರು ಅವರೇ. ಯಾರಿಗೂ ಫೋನ್ ಮಾಡಬೇಕಾಗಲಿಲ್ಲ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ನಮ್ಮ ಅಳು ಅವರಿಗೆ ಕೇಳಿಸಿತು. ನಮ್ಮ ಗುಂಪಿಗೆ ಆ ಗೋಡೆ ಎಲ್ಲಿದೆ? ಒಬ್ಬೊಬ್ಬರ ಮನೆ ಒಂದೊಂದು ಸ್ಟೇಷನ್ನಿನಲ್ಲಿ.

ಮತ್ತೆ ಕೆಲಸಕ್ಕೆ ಹೋದ ದಿನ ನನಗೆ ಸೀಟು ಹಿಡಿದಿಟ್ಟಿದ್ದರು. ಎಲ್ಲರೂ ತಬ್ಬಿಕೊಂಡರು. ನಾನೂ ನಕ್ಕೆ. ಈಗಲೂ ನಗ್ತೀನಿ. ಆದರೆ ಮೊದಲಿನ ಹಾಗೆ ಮನೆಯ ವಿಷಯ ಎಲ್ಲಾ ಹೇಳಿಕೊಳ್ಳಲ್ಲ. ಅವರು ಅದನ್ನು ಗಮನಿಸಿದ್ದಾರೋ ಇಲ್ಲವೋ ತಿಳಿಯದು.

ಫೋನ್ ಮಾಡಿ ಅಂತ ನಿಮಗೆ ತುಂಬಾ ಜನ ಬರೀತಾರೆ. ನಾನು ಬರೆಯಲ್ಲ. ನಾನು ಕೇಳೋದು ಒಂದೇ. ಇಷ್ಟು ವರ್ಷದಲ್ಲಿ ಅವರಲ್ಲಿ ಒಬ್ಬರ ಮನೆಗಾದರೂ ನೀವು ಹೋಗಿದ್ದೀರಾ? ಒಬ್ಬರಾದರೂ ನಿಮ್ಮ ಮನೆಯಲ್ಲಿ ಉಂಡಿದ್ದಾರಾ? ಹೌದು ಅಂದ್ರೆ ಅವರನ್ನು ಬಿಡಬೇಡಿ. ಇಲ್ಲ ಅಂದ್ರೆ, ನನಗೆ ಗೊತ್ತಿಲ್ಲ ಅಣ್ಣಾ.

— ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.

*

ಇದಾದ ಮೇಲೆ ಲೆಕ್ಕದ ಮಾತು ಒಣಗಿದಂತೆ ಕಾಣಬಹುದು. ಆದರೂ ಮೇಷ್ಟ್ರು ಕೊನೆಗೆ ಬಂದು ನಿಂತ ಜಾಗ ನಮಗೆ ಹಿಡಿಸಿತು.

*

ನಾನು ಗಣಿತದ ಮೇಷ್ಟ್ರು. ಹಾಗಾಗಿ ಲೆಕ್ಕ ಹಾಕಿ ನೋಡಿದೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನೋ ಪ್ರಾಧ್ಯಾಪಕರು 2018ರಲ್ಲಿ ಇದೇ ವಿಷಯದ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಬರೀ ಪರಿಚಯ ಇದ್ದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಇನ್ನೂ ಹತ್ತಿರದ ಗೆಳೆತನಕ್ಕೆ 90 ಗಂಟೆ. ಆಪ್ತರಾಗಲು 200 ಗಂಟೆಗೂ ಜಾಸ್ತಿ. ನಿಮ್ಮದು ಹೋಗ್ತಾ ಬರ್ತಾ ದಿನಕ್ಕೆ 3 ಗಂಟೆ ಅಂತ ಇಟ್ಟುಕೊಳ್ಳೋಣ. ತಿಂಗಳಿಗೆ 25 ದಿನ ಅಂದ್ರೆ 75 ಗಂಟೆ. ಮೂರನೇ ತಿಂಗಳು ಮುಗಿಯೋದರೊಳಗೆ ನೀವು 200 ದಾಟಿದಿರಿ. ಆಮೇಲಿನ ವರ್ಷಗಳೆಲ್ಲ ಬಡ್ಡಿ.

ಆದರೆ ಅದೇ ಅಧ್ಯಯನ ಇನ್ನೊಂದು ವಿಷಯ ಹೇಳುತ್ತೆ. ಕೆಲಸದ ಜಾಗದಲ್ಲಿ ವಿಧಿಯಿಲ್ಲದೆ ಜೊತೆಗೆ ಕಳೆದ ಗಂಟೆಗಳಿಂದ ಆಪ್ತತೆ ಅಷ್ಟಾಗಿ ಬೆಳೆಯಲ್ಲ. ನಗೆಚಾಟಿಕೆ, ಕಷ್ಟಸುಖದ ಮಾತು, ಸುಮ್ನೆ ಜೊತೆಗಿರೋದು, ಇವುಗಳಿಂದ ಬೆಳೆಯುತ್ತೆ. ಹಾಗಾದ್ರೆ ರೈಲು ಯಾವ ಪಟ್ಟಿಗೆ ಸೇರಬೇಕು? ರೈಲು ಹತ್ತಿದ್ದು ವಿಧಿಯಿಲ್ಲದೆ. ಅದೇ ಬೋಗಿಗೆ ಹತ್ತಿದ್ದು? ಗಾಡಿಯಲ್ಲಿ ಬೇರೆ ಬೋಗಿಗಳೂ ಇದ್ದವಲ್ಲ! ಆದ್ದರಿಂದ ನನ್ನ ಲೆಕ್ಕದಲ್ಲಿ ಅವರು ಗೆಳೆಯರೇ. ಮದುವೆಗೆ ಕರೆಯದ್ದಕ್ಕೆ ಮಾರ್ಕು ಕಳೆಯಿರಿ, ಫೇಲ್ ಮಾಡಬೇಡಿ.

— ಗೌರಿಬಿದನೂರು

*

ಕೆಲವರಿಗೆ ಈ ಸಮಸ್ಯೆ ಬೇರೆಯೇ ಆಗಿ ಕಂಡಿದೆ.

*

ಸ್ವಾಮಿ, ನಾನು ಕ್ಯಾತ್ಸಂದ್ರದಲ್ಲಿ ಹತ್ತುತ್ತಿದ್ದವನು. ತುಮಕೂರು ಬಿಟ್ಟರೆ ಮುಂದಿನ ಸ್ಟೇಷನ್ನೇ ನಮ್ಮದು. ಅಷ್ಟರೊಳಗೆ ನಿಮ್ಮಂಥ ಗುಂಪಿನವರು ಕರ್ಚೀಫು, ಟಿಫಿನ್ ಬ್ಯಾಗು, ಪೇಪರು ಎಲ್ಲಾ ಹರಡಿ ಸೀಟು ಹಿಡಿದಿರುತ್ತಿದ್ದರು. "ಬರ್ತಾರೆ, ಜನ ಬರ್ತಾರೆ" ಅನ್ನೋರು. ದಾಬಸ್‌ಪೇಟೆ ದಾಟಿದರೂ ಯಾರೂ ಬರುತ್ತಿರಲಿಲ್ಲ. ನಾನು ಯಶವಂತಪುರದ ತನಕ ನಿಂತೇ ಹೋಗಿದ್ದೇನೆ. ಗುಂಪು ಒಳಗಿರೋರಿಗೆ ಚೆಂದ. ನಿಮಗೆ ಈಗ ಹೊರಗೆ ನಿಂತು ನೋಡೋ ಸರದಿ ಬಂದಿದೆ, ಅಷ್ಟೇ. ನಿಲ್ಲೋದು ಅಭ್ಯಾಸ ಆಗುತ್ತೆ.

— ಕ್ಯಾತ್ಸಂದ್ರ

*

ಸಾರ್, ನನಗೆ 24. ಬೆಂಗಳೂರಿನ ಪಿ.ಜಿ. ಒಂದರಲ್ಲಿದ್ದೀನಿ. ರೂಮಿನಲ್ಲಿ ಮೂವರು. ಒಬ್ಬನದು ನೈಟ್ ಶಿಫ್ಟು, ಇನ್ನೊಬ್ಬ ಇಯರ್‌ಫೋನ್ ತೆಗೆಯಲ್ಲ. ಪಕ್ಕದ ಮಂಚದವನ ಪೂರ್ತಿ ಹೆಸರು ಗೊತ್ತಾಗಿದ್ದು ಅವನಿಗೆ ಬಂದ ಕೊರಿಯರ್ ಡಬ್ಬಿ ನೋಡಿ. ನಮ್ಮಪ್ಪ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋದ್ರೆ ಸಾಕು, ರೇಟು ಕೇಳೋ ಮೊದಲೇ ಯಾರದೋ ಹೆಗಲ ಮೇಲೆ ಕೈ ಹಾಕಿರ್ತಾರೆ. ನನಗೆ ಆ ವಿದ್ಯೆ ಬಂದಿಲ್ಲ.

ನನಗೆ ಬೇಕಾದ ಭಾಗವೇ ನಿಮ್ಮ ಪತ್ರದಲ್ಲಿಲ್ಲ. ಶುರು ಹೇಗಾಯ್ತು? ಮೊದಲು ಮಾತಾಡಿಸಿದ್ದು ಯಾರು? ಏನಂತ? ದಯವಿಟ್ಟು ಬರೀರಿ.

— ಶಿಡ್ಲಘಟ್ಟ

*

ಸೀಟಿನ ತಕರಾರಿಗೆ ಇಲ್ಲಿ ಪರಿಹಾರವಿಲ್ಲ. ಶಿಡ್ಲಘಟ್ಟದ ಹುಡುಗನ ಪ್ರಶ್ನೆಗೆ ಮಾತ್ರ ತುಮಕೂರಿನ ಹಿರಿಯರು ಉತ್ತರ ಬರೆದಾರು ಎಂಬ ಆಸೆ ಇದೆ. ಬರೆಯೋಕೆ ಅವರ ಹತ್ತಿರ ಬಹಳ ಇರಬೇಕು.

*

ನಾನು ನರ್ಸಾಗಿದ್ದವಳು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ನಾಲ್ಕೂವರೆಯ ಎಚ್ಚರ. ಅದು ಹಳೇ ರೈಲಿನ ಅಭ್ಯಾಸವೇ ಇರಬಹುದು. ಆದರೆ ಊಟ ಸೇರುತ್ತಿದೆಯಾ? ಮೊದಲು ಇಷ್ಟ ಆಗುತ್ತಿದ್ದದ್ದು ಈಗಲೂ ಇಷ್ಟ ಆಗುತ್ತಾ? ವಾರಗಟ್ಟಲೆ ಮನಸ್ಸು ಭಾರವಾಗೇ ಇದ್ದರೆ ಅದನ್ನು ಗೆಳೆಯರ ಲೆಕ್ಕಕ್ಕೆ ಹಾಕಬೇಡಿ, ಡಾಕ್ಟರಿಗೆ ತೋರಿಸಿ. ಹೋಗೋಕೆ ಸಂಕೋಚ ಆದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಲೋಕದಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2025ರ ವರದಿಯಲ್ಲಿ ಹೇಳಿದೆ. ನಿಮ್ಮ ಆ ಬೋಗಿಯಲ್ಲೂ ಒಬ್ಬಿಬ್ಬರು ಇದ್ದೇ ಇರ್ತಾರೆ.

— ಚಿಕ್ಕಬಳ್ಳಾಪುರ

*

ಅಚ್ಚಿಗೆ ಹೋಗುವ ಹೊತ್ತಿಗೆ ಬಂದ ಪತ್ರ ಇದು. ಜಾಗ ಮಾಡಿಕೊಂಡೆವು.

*

ನಾವು ತುಮಕೂರು ಗಾಡಿಯವರು. ಕಳೆದ ಸಂಚಿಕೆ ನಮ್ಮ ಬೋಗಿಯಲ್ಲಿ ಕೈಯಿಂದ ಕೈಗೆ ಹೋಯಿತು. ಹಿರೇಹಳ್ಳಿ ಬರೋ ಹೊತ್ತಿಗೆ ಗಲಾಟೆ ಶುರು. "ಇದು ನಮ್ಮವರದೇ ಪತ್ರ" ಅಂತ ಕೆಲವರು, "ಅಲ್ಲವೇ ಅಲ್ಲ, ಅವರು ಇಸ್ಪೀಟು ಆಡ್ತಿರಲಿಲ್ಲ" ಅಂತ ಕೆಲವರು. ನಮ್ಮಲ್ಲಿ ರಿಟೈರ್ ಆದವರೂ ಬಹಳ, ಮಗಳ ಮದುವೆ ಮಾಡಿದವರೂ ಬಹಳ. ಮದುವೆ ಮಾಡಿದವರಲ್ಲಿ ಒಬ್ಬರು ಅವತ್ತು ಮಾತೇ ಆಡಲಿಲ್ಲ. ಸೋಲದೇವನಹಳ್ಳಿ ದಾಟಿದರೂ ತೀರ್ಮಾನ ಆಗಲಿಲ್ಲ.

ಕೊನೆಗೆ ರಿಟೈರ್ ಆದವರಿಗೆಲ್ಲ ಫೋನ್ ಮಾಡೋಣ ಅಂತ ಹಂಚಿಕೊಂಡೆವು. ಒಬ್ಬರು, "ನಾನು ಬರೆದಿಲ್ಲ, ಆದರೆ ಬರೆಯಬೇಕು ಅಂತಿದ್ದೆ" ಅಂದರು. ಇನ್ನೊಬ್ಬರು ಚೆನ್ನಾಗಿ ಬೈದರು. ಒಬ್ಬರ ನಂಬರ್ ಬದಲಾಗಿದೆ, ಮನೆ ಹುಡುಕುತ್ತಿದ್ದೇವೆ. ಊರ್ಡಿಗೆರೆ ರಸ್ತೆ ಕಡೆ ಅಂತ ಮಾತ್ರ ಗೊತ್ತು.

ನೀವು ನಮ್ಮ ಗುಂಪಿನವರು ಅಲ್ಲದಿದ್ದರೂ ಪರವಾಗಿಲ್ಲ. ಹೇಗೂ ನಾಲ್ಕೂವರೆಗೆ ಎದ್ದಿರುತ್ತೀರಿ. ಒಂದು ದಿನ ಸ್ಟೇಷನ್ನಿಗೆ ಬನ್ನಿ. ಕಾಫಿ ನಮ್ಮದು.

— ತುಮಕೂರು

*

ಈ ಪತ್ರವನ್ನು, ಬರೆದವರ ಫೋನ್ ನಂಬರ್ ಸಮೇತ, ತುಮಕೂರಿನ ಓದುಗರ ವಿಳಾಸಕ್ಕೆ ಕಳಿಸಿದ್ದೇವೆ. ಕೆ.ಜಿ.ಎಫ್.ನ ಓದುಗಿಗೆ ಮಾಲೂರು, ಬಂಗಾರಪೇಟೆ ಕಡೆಯಿಂದ ಯಾರಾದರೂ ಬರೆದರೆ ಅದನ್ನೂ ತಲುಪಿಸುತ್ತೇವೆ. ಗ್ರೂಪಿನಿಂದ ಹೊರಗೆ ಬನ್ನಿ ಎಂದು ಸಲಹೆ ಕೊಟ್ಟವರೂ ಇದ್ದಾರೆ. ಅವರ ಪತ್ರಗಳಿಗೆ ಈ ಸಲ ಜಾಗ ಸಾಲಲಿಲ್ಲ.

ಮುಂದಿನ ಸಂಚಿಕೆಗೆ ಚಿಂತಾಮಣಿಯ ಓದುಗಿಯೊಬ್ಬರ ಪ್ರಶ್ನೆ: ಬಾಲ್ಯದ ಗೆಳತಿಗೆ ಕೊಟ್ಟ ಸಾಲ ವಾಪಸ್ ಕೇಳಬೇಕು. ಗೆಳತಿಯೂ ಉಳಿಯಬೇಕು. ಹೇಗೆ? ಒಂದು ಪುಟ ಮೀರದಂತೆ ಬರೆಯಿರಿ. ಮೀರಿದರೂ ಓದುತ್ತೇವೆ.