‘ವಕ್ರೋಕ್ತಿ’ಗೆ ಕನ್ನಡದಲ್ಲಿ ಏನಂತೀರಿ?

ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು.

ಕಾಶ್ಮೀರದ ಕಾವ್ಯಮೀಮಾಂಸಕ ಕುಂತಕ, ಹೆಚ್ಚುಕಡಿಮೆ ಸಾವಿರ ವರ್ಷದ ಹಿಂದಿನವನು, ಕಾವ್ಯದ ಜೀವವೇ ವಕ್ರೋಕ್ತಿ, ಅಂದರೆ ನೇರವಾಗಿ ಹೇಳದೆ ಚೆಲುವಾಗಿ ಬಾಗಿಸಿ ಹೇಳುವ ಮಾತು, ಅಂದ. ಅವನ ಪುಸ್ತಕದ ಹೆಸರೇ ‘ವಕ್ರೋಕ್ತಿಜೀವಿತ’. ಅದನ್ನು ಓದುತ್ತಾ ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳಲು ಹೊರಟೆ, ಈ ಪದದಲ್ಲೇ ಸಿಕ್ಕಿಹಾಕಿಕೊಂಡೆ. ‘ಕೊಂಕುನುಡಿ’ ಅಂತ ಬರೆದು ಹೊಡೆದು ಹಾಕಿದೆ. ಈಗ ಕೊಂಕು ಅಂದರೆ ಚುಚ್ಚುಮಾತು ಅಲ್ವಾ? ವಕ್ರವೂ ಅಷ್ಟೇ: ವಕ್ರಬುದ್ಧಿ, ವಕ್ರದೃಷ್ಟಿ, ಎಲ್ಲವೂ ಕೆಟ್ಟದ್ದೇ. ಹಳಗನ್ನಡದಲ್ಲಿ ಕೊಂಕಿದ ಕುರುಳು, ಅಂದರೆ ಗುಂಗುರು ಕೂದಲು, ಚೆಲುವಿನ ಗುರುತಾಗಿತ್ತು, ಆ ಅರ್ಥ ನಮ್ಮ ಬಾಯಲ್ಲಿ ಉಳಿದಿಲ್ಲ.

ಇನ್ನೊಂದು ಗೊಂದಲ ಇದೆ. ಅಲಂಕಾರದ ಪಾಠದಲ್ಲಿ ನಾವು ಕಲಿಯುವ ವಕ್ರೋಕ್ತಿ ಬೇರೆ. ಒಬ್ಬರು ಒಂದರ್ಥದಲ್ಲಿ ಹೇಳಿದ್ದನ್ನು ಕೇಳಿದವರು ಶ್ಲೇಷದಿಂದಲೋ ದನಿಯ ಏರಿಳಿತದಿಂದಲೋ ಬೇರೆ ಅರ್ಥಕ್ಕೆ ತಿರುಗಿಸುವುದು, ಅದು ಹಳೆಯ ಆಲಂಕಾರಿಕ ರುದ್ರಟನ ದಾರಿ. ಅವನಿಗಿಂತ ಹಿಂದಿನ ಆಲಂಕಾರಿಕ ಭಾಮಹನಿಗೆ ವಕ್ರೋಕ್ತಿ ಅಂದರೆ ಎಲ್ಲ ಅಲಂಕಾರಗಳ ಬೇರು. ಕುಂತಕ ಹಿಡಿದಿದ್ದು ಭಾಮಹನ ಎಳೆಯನ್ನು. ಅಕ್ಷರದ ಜೋಡಣೆಯಿಂದ ಹಿಡಿದು ಇಡೀ ಕೃತಿಯವರೆಗೆ ಆರು ಬಗೆಯ ವಕ್ರತೆ ಹೇಳುತ್ತಾನೆ.

ಅವನು ಕೊಡುವ ಒಂದು ಉದಾಹರಣೆ ನನಗೆ ತುಂಬಾ ಇಷ್ಟ. ಕಾಳಿದಾಸನ ಕುಮಾರಸಂಭವದ ಐದನೇ ಸರ್ಗದಲ್ಲಿ ಬ್ರಹ್ಮಚಾರಿ ವೇಷದ ಶಿವ ಪಾರ್ವತಿಗೆ, ‘ಕಪಾಲಿ’ಯನ್ನು ಸೇರುವ ಆಸೆಯಿಂದ ಚಂದ್ರಕಲೆಯ ಜೊತೆ ನೀನೂ ಮರುಕಕ್ಕೆ ಪಾತ್ರಳಾದೆ ಅನ್ನುತ್ತಾನೆ. ಶಿವನಿಗೆ ಸಾವಿರ ಹೆಸರಿದ್ದರೂ ಅಲ್ಲಿ ತಲೆಬುರುಡೆ ಹಿಡಿದವನು ಅನ್ನುವ ಹೆಸರೇ ಬೇಕು, ಆ ಹೇಸಿಗೆಯಿಂದಲೇ ಮಾತಿಗೆ ವಕ್ರತೆ ಬಂತು ಅಂತ ಕುಂತಕ. ನಾನು ಮುಂದಕ್ಕೂ ಓದಿ ನೋಡಿದೆ. ಪಾರ್ವತಿ ಉತ್ತರ ಕೊಡುವಾಗ ಅವನನ್ನು ‘ಪಿನಾಕಿ’ ಅನ್ನುತ್ತಾಳೆ, ಬಿಲ್ಲು ಹಿಡಿದವನು! ಅದೇ ದೇವರು, ಅದೇ ಸರ್ಗ. ಒಂದೊಂದು ಹೆಸರಿನಲ್ಲೂ ಅವರವರ ಮನಸ್ಸಿದೆ. ಇದನ್ನು ‘ಕೊಂಕು’ ಅಂದರೆ ಅನ್ಯಾಯ.

ಕುಂತಕನೇ ಅರ್ಥ ಬಿಡಿಸುವಾಗ ‘ವೈದಗ್ಧ್ಯಭಂಗೀಭಣಿತಿ’ ಅನ್ನುತ್ತಾನೆ. ವಿದಗ್ಧ ಅಂದರೆ ಚೆನ್ನಾಗಿ ಬೆಂದವನು, ನಮ್ಮ ಮಾತಲ್ಲಿ ಪಳಗಿದವನು. ಭಣಿತಿ ಅಂದರೆ ಹೇಳುವ ಮಾತು. ಭಂಗಿ ನಮಗೂ ಗೊತ್ತಿರುವ ಪದ. ಬೇಲೂರಿನ ಮದನಿಕೆಯರನ್ನು ನೋಡಿ, ಮೈ ಬಾಗಿದೆ, ಅದನ್ನು ಯಾರೂ ಸೊಟ್ಟ ಅನ್ನುವುದಿಲ್ಲ. ವಕ್ರೋಕ್ತಿಯ ವಕ್ರ ಅಂಥದ್ದು ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ಸದ್ಯಕ್ಕೆ ‘ಬಳುಕುನುಡಿ’ ಅಂತ ಬರೆದುಕೊಂಡಿದ್ದೇನೆ. ಆದರೆ ಅದರಲ್ಲಿ ಒಯ್ಯಾರವೇ ಜಾಸ್ತಿ, ಪಳಗಿದ ಕೈ ಕಾಣುವುದಿಲ್ಲ. ‘ಬೆಡಗಿನ ನುಡಿ’ ಚೆನ್ನಾಗಿರುತ್ತಿತ್ತು, ಆದರೆ ಕೇಳಿದ ತಕ್ಷಣ ಅಲ್ಲಮನ ಬೆಡಗಿನ ವಚನ ನೆನಪಾಗಿ ಒಗಟು ಅನ್ನುವ ಅರ್ಥ ಬಂದುಬಿಡುತ್ತದೆ. ಸುಮ್ನೆ ‘ವಕ್ರೋಕ್ತಿ’ ಅಂತಲೇ ಬಿಡುವುದು ಸರಿಯಾ? ಮತ್ತೆ, ನಿಮ್ಮ ಕಡೆ ಕೊಂಕು, ಡೊಂಕು, ಓರೆ ಇವುಗಳಲ್ಲಿ ಯಾವುದನ್ನಾದರೂ ಮಾತಿನ ಚೆಲುವಿಗೆ, ಒಳ್ಳೆ ಅರ್ಥದಲ್ಲಿ ಈಗಲೂ ಬಳಸುತ್ತಾರಾ? ಇದ್ದರೆ ಪೂರ್ತಿ ವಾಕ್ಯ ಬರೆದು ತಿಳಿಸಿ.