‘ಪ್ರಯಾಣ ವಿಮೆ’ಯೋ ‘ಪ್ರವಾಸ ವಿಮೆ’ಯೋ? ಜೊತೆಗೆ ‘ಕಂತು’ ಮತ್ತು ‘ಡಿಡಕ್ಟಬಲ್’

ಪ್ರಶ್ನೆ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ಮಕ್ಕಳ ಮನೆಗೆಂದು ಅಮೆರಿಕ, ಯುರೋಪಿಗೆ ಹೊರಡುವ ಹಿರಿಯರಿಗಾಗಿ ಟ್ರಾವೆಲ್ ಇನ್ಶೂರೆನ್ಸ್ ಬಗ್ಗೆ ಎರಡು ಪುಟದ ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಒಬ್ಬರಿಗೆ ಹೇಳಿದ ರೇಟು ಇನ್ನೊಬ್ಬರಿಗೆ ಯಾಕಿಲ್ಲ ಎನ್ನುವುದೇ ಅದರ ತಿರುಳು. ‘ಪ್ರಯಾಣ ವಿಮೆ’ ಅನ್ನಬೇಕೋ ‘ಪ್ರವಾಸ ವಿಮೆ’ ಅನ್ನಬೇಕೋ? ಪ್ರೀಮಿಯಂಗೆ ‘ಕಂತು’ ಸರಿಯೇ? ಡಿಡಕ್ಟಬಲ್ ಎನ್ನುವುದಕ್ಕೆ ಒಂದು ಕರಪತ್ರದಲ್ಲಿ ‘ಕಳೆಯಬಹುದಾದ’ ಎಂದಿದೆ. ಯಾರಿಗೂ ಅರ್ಥವಾಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಸರಸ್ವತಿಪುರಂ, ಮೈಸೂರು)

‘ಪ್ರವಾಸ ವಿಮೆ’ ಎಂದೇ ಬರೆಯಿರಿ. ‘ಪ್ರಯಾಣ’ದಲ್ಲಿರುವುದು ‘ಯಾ’ ಧಾತು, ಹೋಗುವುದು ಎಂದರ್ಥ. ‘ಪ್ರವಾಸ’ದಲ್ಲಿರುವುದು ‘ವಸ್’: ಮನೆ ಬಿಟ್ಟು ಬೇರೆಡೆ ಇರುವುದು. ಈ ವಿಮೆಯ ರೇಟು ನಿಂತಿರುವುದೂ ಇರುವುದರ ಮೇಲೆಯೇ. ವಿಮಾನ ಎಷ್ಟು ದೂರ ಹಾರಿತು ಎಂದು ಯಾರೂ ಕೇಳುವುದಿಲ್ಲ. ಯಾವ ದೇಶದಲ್ಲಿ, ಎಷ್ಟು ದಿನ, ಯಾವ ವಯಸ್ಸಿನವರು ಎಂದು ಕೇಳುತ್ತಾರೆ, ಏಕೆಂದರೆ ದೊಡ್ಡ ಖರ್ಚು ಬರುವುದು ಅಲ್ಲಿನ ಆಸ್ಪತ್ರೆಯದು. ದರಪಟ್ಟಿಗಳಲ್ಲಿ ಸಾಮಾನ್ಯವಾಗಿ ‘ಅಮೆರಿಕ, ಕೆನಡಾ ಸೇರಿ’ ಮತ್ತು ‘ಅಮೆರಿಕ, ಕೆನಡಾ ಬಿಟ್ಟು’ ಎಂದು ಬೇರೆ ಬೇರೆ ಸಾಲು ಇರುವುದು ಇದಕ್ಕೇ. ದಿನ ಎಣಿಸುವಾಗ ಹೊರಡುವ ದಿನ, ವಾಪಸು ಬಂದಿಳಿಯುವ ದಿನ ಎರಡನ್ನೂ ಸೇರಿಸಬೇಕು. ಅಮೆರಿಕ ತಲುಪುವ ತಾರೀಖಿನಿಂದ ಎಣಿಸಿ ಪಾಲಿಸಿ ಮಾಡಿಸಿದರೆ ದಾರಿಯಲ್ಲಿನ ದಿನ ಹೊರಗುಳಿಯುತ್ತದೆ.

‘ಪ್ರಯಾಣ ವಿಮೆ’ಯನ್ನು ರೈಲಿನದಕ್ಕೆ ಉಳಿಸಿಕೊಳ್ಳಿ. ಐಆರ್‌ಸಿಟಿಸಿಯಲ್ಲಿ ಟಿಕೆಟ್ ಮಾಡುವಾಗ ಒಬ್ಬರಿಗೆ 45 ಪೈಸೆಗೆ ಸಿಗುವುದು ನಿಜವಾಗಿ ಪ್ರಯಾಣದ ವಿಮೆ. ಸಾವಿಗೆ 10 ಲಕ್ಷ, ಆಸ್ಪತ್ರೆ ಖರ್ಚಿಗೆ 2 ಲಕ್ಷದವರೆಗೆ. ಮೈಸೂರಿನಿಂದ ಬೆಂಗಳೂರಿಗಾದರೂ ವಾರಾಣಸಿಗಾದರೂ ಅದೇ 45 ಪೈಸೆ, 30ರವರಿಗೂ 75ರವರಿಗೂ ಅದೇ. ಅದು ರೈಲಿನಲ್ಲಾಗುವ ಅಪಘಾತ, ಅವಘಡಗಳಿಗೆ ಮಾತ್ರ, ಕಾಯಿಲೆಗಲ್ಲ, ಹಾಗಾಗಿ ವಯಸ್ಸಿಗೆ ಅಲ್ಲಿ ಬೆಲೆಯಿಲ್ಲ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ, ರೈಲಿಗೆ ಪೈಸೆ ಲೆಕ್ಕ, ವಿಮಾನಕ್ಕೆ ಸಾವಿರಗಟ್ಟಲೆ ಯಾಕೆ ಎಂಬ ಗೊಂದಲ ಸಹಜ.

‘ಕಂತು’ ಬೇಡ. ಎಲ್‌ಐಸಿಯದು, ರಾಜ್ಯ ಸರ್ಕಾರಿ ನೌಕರರ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿಯುವ ಕೆಜಿಐಡಿ ವಿಮೆಯದು ಕಂತು ಹೌದು. ಪ್ರವಾಸ ವಿಮೆಗೆ ಹೊರಡುವ ಮುಂಚೆಯೇ ಒಂದೇ ಸಲ ಕಟ್ಟಿ ಮುಗಿಸುತ್ತೇವೆ. ಕಂತು ಎಂದು ಓದಿದವರು ಮುಂದಿನ ಕಂತು ಯಾವಾಗ ಎಂದು ಕೇಳಿಯೇ ಕೇಳುತ್ತಾರೆ. ‘ಪ್ರೀಮಿಯಂ’ ಎಂದೇ ಇರಲಿ. ‘ವಿಮೆ’ಯೂ ಪರ್ಷಿಯನ್ನಿನ ‘ಬೀಮಾ’ದಿಂದ ಬಂದ ಪದವೇ ತಾನೆ, ಬಳಕೆಯಲ್ಲಿ ನೆಲೆನಿಂತದ್ದನ್ನು ಹೊರಗಿನದು ಎಂದು ದೂಡಬೇಕಿಲ್ಲ.

ಡಿಡಕ್ಟಬಲ್‌ಗೆ ‘ಕಡಿತ’ ಎಂದೂ ಬರೆಯಬೇಡಿ. ನಮ್ಮ ಕಿವಿಗೆ ದರ ಕಡಿತ, ಅಂದರೆ ರಿಯಾಯಿತಿ, ಎಂದು ಕೇಳುತ್ತದೆ. ಇಲ್ಲಿ ಆಗುವುದು ಅದರ ಉಲ್ಟಾ: ಬಿಲ್ಲಿನಲ್ಲಿ ಮೊದಲಷ್ಟು ನಮ್ಮ ಕೈಯಿಂದ, ಉಳಿದದ್ದು ಕಂಪನಿಯಿಂದ. ನನ್ನ ಸಲಹೆ ‘ಮೊದಲ ಪಾಲು’. ಮೊದಲ ಪಾಲು 100 ಡಾಲರ್ ಇದ್ದು ಬಿಲ್ಲು 1,800 ಆದರೆ, ಇಡೀ ಬಿಲ್ಲು ವಿಮೆಗೆ ಒಳಪಟ್ಟಿದ್ದಲ್ಲಿ, ಕಂಪನಿ ಕೊಡುವುದು 1,700. ಅನೇಕ ಪಾಲಿಸಿಗಳಲ್ಲಿ ಇದು ಪ್ರತಿ ಕ್ಲೇಮಿಗೂ ಬೇರೆ ಬೇರೆಯಾಗಿ ಬೀಳುತ್ತದೆ. ಕೈಪಿಡಿಯಲ್ಲಿ ಈ ಮಾತು ದಪ್ಪಕ್ಷರದಲ್ಲಿರಲಿ. ಮೊದಲ ಪಾಲು ಹೆಚ್ಚಿಸಿಕೊಂಡಷ್ಟೂ ಪ್ರೀಮಿಯಂ ಇಳಿಯುತ್ತದೆ. ಕೋ-ಪೇ, ಅಂದರೆ ಬಿಲ್ಲಿನಲ್ಲಿ ಶೇಕಡಾ ಇಷ್ಟು ಎಂದು ನಾವು ಕೊಡುವುದು, ಬೇರೆ. ಅದಕ್ಕೆ ‘ಶೇಕಡಾ ಪಾಲು’: ಶೇ. 10 ಎಂದರೆ ಅದೇ ಬಿಲ್ಲಿಗೆ 180 ಡಾಲರ್, ಬಿಲ್ಲು ಬೆಳೆದಂತೆ ಅದೂ ಬೆಳೆಯುತ್ತದೆ.

ಇನ್ನೊಂದು ಉತ್ತರ (ಮಂಡ್ಯ)

ಮೇಲಿನದಕ್ಕೆ ಒಪ್ಪಿಗೆ. ಕೇಳದಿದ್ದರೂ ಎರಡು ಪದ ಸೇರಿಸುತ್ತೇನೆ.

‘ವಿಮಾ ಮೊತ್ತ ಎಷ್ಟು?’ ಎಂದರೆ ನಮ್ಮ ಕಡೆ ಬಹಳ ಮಂದಿ ತಾವು ಕಟ್ಟಿದ ದುಡ್ಡು ಹೇಳುತ್ತಾರೆ. ‘ಕಂಪನಿ ಕೊಡುವ ಗರಿಷ್ಠ ಹಣ’ ಎಂದು ಬಿಡಿಸಿಯೇ ಬರೆಯಿರಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಿಗುವ ಷೆಂಗೆನ್ ವೀಸಾಗೆ ಇದು ಕನಿಷ್ಠ 30,000 ಯೂರೋ ಇರಬೇಕು, ಅಲ್ಲಿರುವಷ್ಟು ದಿನಕ್ಕೂ, ಎಲ್ಲಾ ಷೆಂಗೆನ್ ದೇಶಗಳಿಗೂ ಅನ್ವಯಿಸಬೇಕು. ಪ್ರೀಮಿಯಂ ಇಳಿಸಲು ಹೋಗಿ ಇದನ್ನು ಇಳಿಸಿದರೆ ವೀಸಾ ಅರ್ಜಿಯೇ ನಿಲ್ಲುವುದಿಲ್ಲ. ಅಮೆರಿಕಕ್ಕೆ ಅಗ್ಗವಾಗಿ ಸಿಗುವ ಕೆಲವು ಪಾಲಿಸಿಗಳಲ್ಲಿ ಗರಿಷ್ಠ ಹಣ ದೊಡ್ಡದಾಗಿ ಕಂಡರೂ ಒಂದೊಂದು ಚಿಕಿತ್ಸೆಗೆ, ಒಂದು ದಿನದ ವಾರ್ಡಿಗೆ ಇಷ್ಟೇ ಎಂದು ಒಳಮಿತಿ ಹಾಕಿರುತ್ತಾರೆ. ಅದಕ್ಕೇ ಅದು ಅಗ್ಗ. ‘ಒಳಮಿತಿ’ಯೂ ಕೈಪಿಡಿಗೆ ಬೇಕಾದ ಪದ.

ಇನ್ನು ವಿಮೆ ಫಾರಂಗಳ ‘ಪೂರ್ವ ಅಸ್ತಿತ್ವದಲ್ಲಿರುವ ರೋಗ’. ಈ ಪದದಿಂದ ಆಗುವ ಹಾನಿ ದೊಡ್ಡದು. ಬಿಪಿ, ಶುಗರ್ ಮಾತ್ರೆಯಲ್ಲಿ ಹತೋಟಿಯಲ್ಲಿದ್ದರೆ ನಮ್ಮ ಜನ ಅದನ್ನು ರೋಗ ಅನ್ನುವುದೇ ಇಲ್ಲ. ‘ಶುಗರ್ ಐತೆ ಅಷ್ಟೆ, ಕಾಯಿಲೆ ಏನಿಲ್ಲ’ ಅನ್ನುತ್ತಾರೆ. ಹಾಗಾಗಿ ಫಾರಂನಲ್ಲಿ ‘ಇಲ್ಲ’ ಎಂದು ಬೀಳುತ್ತದೆ, ಪ್ರೀಮಿಯಂ ಕಡಿಮೆ ಬರುತ್ತದೆ, ಮುಂದೆ ಆಸ್ಪತ್ರೆ ಸೇರಿದಾಗ ಹಳೆಯ ಚೀಟಿಗಳು ಹೊರಬಂದು ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮು ತಿರಸ್ಕೃತವಾಗುತ್ತದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಪದ ತಲುಪಲಿಲ್ಲ. ‘ಮೊದಲೇ ಇರುವ ಕಾಯಿಲೆ’ ಎಂದು ಹೆಸರಿಡಿ, ಅದರ ಕೆಳಗೆ ಹೀಗೆ ಕೇಳಿ: ‘ದಿನಾ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ? ಹಿಂದೆ ಆಪರೇಷನ್, ಸ್ಟೆಂಟ್ ಆಗಿದೆಯೇ? ಆಸ್ಪತ್ರೆಯಲ್ಲಿ ಯಾವಾಗಲಾದರೂ ಮಲಗಿದ್ದಿರಾ?’